ಕಾಲುವೆ ಸರಿಯಿದೆ, ನೀರು ಬರ್ತಿಲ್ಲ

ಕಳೆದ ಶ್ರಾವಣದಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ನನ್ನ ಓಪಿಡಿಗೆ ಬಂದಿದ್ದರು. ವಯಸ್ಸು 38. ಕೈಯಲ್ಲಿ ಸೀರೆ ಅಂಗಡಿಯ ದಪ್ಪ ಕವರು. ಕೂತವರೇ ಅದನ್ನು ಮೇಜಿನ ಮೇಲೆ ಸುರಿದರು. ಐದು ಹೊಟ್ಟೆ ಸ್ಕ್ಯಾನಿಂಗ್, ಮೂರು ಎಂಡೋಸ್ಕೋಪಿ, ಒಂದು ಕೊಲೊನೋಸ್ಕೋಪಿ, ಒಂದು ಸಿ.ಟಿ. ರಕ್ತ ಪರೀಕ್ಷೆಯ ಚೀಟಿಗಳನ್ನು ನಾನು ಎಣಿಸಲಿಲ್ಲ. ಏಳು ವರ್ಷದ ಸಂಪಾದನೆ.

"ಎಲ್ಲಿ ನೋವು, ತೋರಿಸಿ" ಎಂದೆ.

ಅವರು ಹೊಟ್ಟೆ ಮುಟ್ಟಲಿಲ್ಲ, ಕವರು ತೋರಿಸಿದರು. "ಎಲ್ಲಾ ಅದ್ರಾಗೇ ಐತಲ್ರೀ ಸರ್. ಎಲ್ಲಾ ನಾರ್ಮಲ್ ಅಂತಾರೆ, ನೋವು ಮಾತ್ರ ಹೋಗಿಲ್ಲ. ನೀವೊಂದ್ಸಲ ಕ್ಯಾಮೆರಾ ಬಿಟ್ಟು ನೋಡಿಬಿಡ್ರಿ."

ದಾವಣಗೆರೆಯಲ್ಲಿ ಕೂತು ಜನರ ಹೊಟ್ಟೆ ನೋಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಈ ಮಾತು ಕೇಳದ ವಾರ ನೆನಪಿಲ್ಲ. ಮೂರು ಸಲ ಇಣುಕಿ ನೋಡಿ ಏನೂ ಕಾಣದ ಕಡೆ ನಾಲ್ಕನೇ ಸಲ ಇಣುಕಿದರೆ ಕಾಣುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ ತಿಳಿಯದು. ಅರ್ಧ ತಪ್ಪು ನಮ್ಮದೇ ಇರಬೇಕು. ಕೇಳಿದ ಕೂಡಲೇ ಚೀಟಿ ಬರೆದುಕೊಡುವ ಕೈ ಯಾರದು?

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ. ಬಾಯಿಂದ ಹಾಕುವ ಎಂಡೋಸ್ಕೋಪಿಗೆ ಕಾಣುವುದು ಅನ್ನನಾಳ, ಜಠರ, ಸಣ್ಣ ಕರುಳಿನ ಮೊದಲ ಗೇಣು. ಕೆಳಗಿನಿಂದ ಹೋಗುವ ಕೊಲೊನೋಸ್ಕೋಪಿಗೆ ಕಾಣುವುದು ಒಂದೂವರೆ ಮೀಟರ್‌ನಷ್ಟು ದೊಡ್ಡ ಕರುಳು, ಸಣ್ಣ ಕರುಳಿನ ಕೊನೆಯ ಕೆಲವು ಸೆಂಟಿಮೀಟರ್. ನಡುವೆ ಸುಮಾರು 6 ಮೀಟರ್ ಸಣ್ಣ ಕರುಳು ಎರಡೂ ಕಡೆಯ ಕ್ಯಾಮೆರಾಕ್ಕೆ ಸಿಗದೆ ಉಳಿಯುತ್ತದೆ. ಅದಕ್ಕೆ ಬೇರೆ ದಾರಿಗಳಿವೆ, ಬೇಕಾದವರಿಗೆ ಮಾಡುತ್ತೇವೆ. ಆದರೆ ನಾನು ಹೇಳಹೊರಟಿದ್ದು ಅದಲ್ಲ. ಆ 6 ಮೀಟರ್ ಕೂಡ ಕಂಡಿತು ಎಂದೇ ಇಟ್ಟುಕೊಳ್ಳಿ. ಕಂಡಿದ್ದೇನು? ಗೋಡೆ. ಹುಣ್ಣಿದೆಯೇ, ಗಡ್ಡೆಯಿದೆಯೇ, ಊತವಿದೆಯೇ ಎಂಬುದು. ಆ ಗೋಡೆ ಬೆಳಿಗ್ಗೆ ಆರು ಗಂಟೆಗೆ ಹೇಗೆ ಹಿಂಡಿತು, ಮದುವೆ ಊಟದ ಮಾರನೇ ದಿನ ಹೇಗೆ ಸೆಟೆದುಕೊಂಡಿತು, ಸ್ವಲ್ಪ ಗಾಳಿ ತುಂಬಿದರೂ ಎಷ್ಟು ನೊಂದುಕೊಂಡಿತು, ಇವು ಯಾವ ಫೋಟೊದಲ್ಲೂ ಬರುವುದಿಲ್ಲ.

ನಮ್ಮ ಭದ್ರಾ ನಾಲೆಯ ಕೊನೆ ಭಾಗದ ರೈತರಿಗೆ ಇದನ್ನು ವಿವರಿಸುವುದು ಸುಲಭ. ನಾಲೆ ಒಡೆದಿಲ್ಲ, ಹೂಳು ತುಂಬಿಲ್ಲ, ಎಂಜಿನಿಯರ್ ಬಂದು ಫೋಟೊ ತೆಗೆದು "ಕಾಲುವೆ ಸರಿಯಿದೆ" ಎಂದು ಬರೆದುಕೊಂಡು ಹೋದ. ಗದ್ದೆಗೆ ಮಾತ್ರ ನೀರಿಲ್ಲ. ಯಾಕೆ? ತೂಬು ಎತ್ತುವ ನೀರುಗಂಟಿ ಹೊತ್ತಲ್ಲದ ಹೊತ್ತಲ್ಲಿ ಎತ್ತುತ್ತಾನೆ, ಎತ್ತಬೇಕಾದಾಗ ಮಲಗಿರುತ್ತಾನೆ. ನಮ್ಮ ಕರುಳಿನ ಗೋಡೆಯಲ್ಲೇ 10 ಕೋಟಿಗೂ ಮೀರಿದ ನರಕೋಶಗಳಿವೆ, ಅವೇ ಅಲ್ಲಿನ ನೀರುಗಂಟಿಗಳು. ಅವಕ್ಕೂ ಮಿದುಳಿಗೂ ದಿನವಿಡೀ ಮಾತುಕತೆ ನಡೆದಿರುತ್ತದೆ. ಆ ಮಾತುಕತೆ ಕೆಟ್ಟರೆ ನೋವು ನಿಜವಾಗಿಯೂ ಬರುತ್ತದೆ, ಭೇದಿಯೂ ನಿಜವೇ, ಮಲಬದ್ಧತೆಯೂ ನಿಜವೇ. ಕಾಲುವೆ ಸರಿಯಿದೆ ಎಂದ ಎಂಜಿನಿಯರೂ ಸುಳ್ಳು ಹೇಳಿಲ್ಲ, ನೀರಿಲ್ಲ ಎನ್ನುವ ರೈತನೂ ಸುಳ್ಳು ಹೇಳುತ್ತಿಲ್ಲ.

ಇಷ್ಟಾದರೂ ಜನ ಬಿಡುವುದಿಲ್ಲ. ರಿಪೋರ್ಟಿನ ಮೂಲೆಯಲ್ಲಿ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. "ಗ್ರೇಡ್ 1 ಫ್ಯಾಟಿ ಲಿವರ್ ಅಂತ ಇದೆಯಲ್ಲ ಸರ್?" ಇರಲಿ ಸ್ವಾಮಿ, ಈ ಊರಿನಲ್ಲಿ ಬೆಣ್ಣೆ ದೋಸೆ ತಿಂದವರಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ತೂಕ, ಶುಗರ್ ನೋಡಿಕೊಳ್ಳಿ. ಊಟವಾದ ಮೇಲೆ ಕಿಬ್ಬೊಟ್ಟೆ ಹಿಂಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು 'ಗ್ಯಾಸ್ಟ್ರಿಕ್'. ಕನ್ನಡದಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಶಬ್ದವಿಲ್ಲ. ಎದೆ ಉರಿಯೂ ಗ್ಯಾಸ್ಟ್ರಿಕ್, ಉಬ್ಬರವೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಅದೂ ಗ್ಯಾಸ್ಟ್ರಿಕ್. ಆ ಹೆಸರಿಟ್ಟ ಮೇಲೆ ಖಾಲಿ ಹೊಟ್ಟೆ ಮಾತ್ರೆ, ಅಂದರೆ ಜಠರದ ಆಮ್ಲ ತಗ್ಗಿಸುವ ಮಾತ್ರೆ ಶುರು, ವರ್ಷಗಟ್ಟಲೆ. ಐವತ್ತು ದಾಟಿದವರು, ಶುಗರ್ ಇರುವವರು ನಡೆದಾಗ ಎದೆ ಒತ್ತಿದಂತಾದರೆ ದಯವಿಟ್ಟು ನನ್ನ ಬಳಿ ಬರಬೇಡಿ, ಮೊದಲು ಇ.ಸಿ.ಜಿ. ತೆಗೆಸಿ.

ವಿಷಯಕ್ಕೆ ಬರುತ್ತೇನೆ. ಹರಪನಹಳ್ಳಿ ಕಡೆಯ ಹೈಸ್ಕೂಲ್ ಮೇಡಂ ಒಬ್ಬರು, ಎರಡು ವರ್ಷದ ಹೊಟ್ಟೆನೋವು. "ಎಲ್ಲಿ?" ಎಂದರೆ ಹೊಕ್ಕುಳದ ಬಲಕ್ಕೆ ಮೂರು ಬೆರಳಾಚೆ, ಒಂದೇ ಬೆರಳಿನ ತುದಿಯಲ್ಲಿ ತೋರಿಸಿದರು. ಒಳಗಿನ ಕರುಳಿನ ನೋವನ್ನು ಜನ ಅಂಗೈ ಆಡಿಸಿ ತೋರಿಸುತ್ತಾರೆ, ಬೆರಳಲ್ಲಿ ಚುಕ್ಕಿ ಇಡುವುದು ಅಪರೂಪ. ಮಂಚದ ಮೇಲೆ ಮಲಗಿಸಿ, ಕೈ ಎದೆಗೆ ಕಟ್ಟಿಸಿ, ಆ ಚುಕ್ಕಿಯ ಮೇಲೆ ನನ್ನ ಬೆರಳಿಟ್ಟು "ಕೈ ಊರದೆ ತಲೆ ಎತ್ತಿ" ಎಂದೆ. ತಲೆ ಎತ್ತಿದಾಗ ಹೊಟ್ಟೆಯ ಸ್ನಾಯು ಹಲಗೆಯಂತೆ ಬಿಗಿಯುತ್ತದೆ. ನೋವು ಒಳಗಿನದಾದರೆ ಆ ಹಲಗೆ ನನ್ನ ಬೆರಳನ್ನು ತಡೆದು ನೋವು ಕಡಿಮೆಯಾಗಬೇಕು. ಅವರಿಗೆ ಹೆಚ್ಚಾಯಿತು, "ಅಯ್ಯೋ" ಎಂದು ನನ್ನ ಮಣಿಕಟ್ಟು ಹಿಡಿದುಕೊಂಡರು. ನೋವು ಹೊಟ್ಟೆಯೊಳಗಿನದಲ್ಲ, ಹೊಟ್ಟೆಯ ಗೋಡೆಯದು. ಸ್ನಾಯುವಿನ ನಡುವೆ ಸಿಕ್ಕಿಕೊಂಡ ಸಣ್ಣ ನರ. ಕಾರ್ನೆಟ್ ಎಂಬ ಅಮೆರಿಕದ ಸರ್ಜನ್ 1926ರಲ್ಲಿ ಬರೆದಿಟ್ಟ ಪರೀಕ್ಷೆ ಇದು, ಬೆರಳಿನ ಹೊರತು ಖರ್ಚಿಲ್ಲ. ಮರಗಟ್ಟಿಸುವ ಮದ್ದಿನ ಒಂದು ಇಂಜೆಕ್ಷನ್ ಅಲ್ಲೇ ಕೊಟ್ಟೆ, ಹತ್ತು ನಿಮಿಷದಲ್ಲಿ ನೋವು ಇಳಿಯಿತು. ಮೇಡಂಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. "ಎರಡು ವರ್ಷ ಇದಕ್ಕಾ ಸರ್ ನಾನು ಸ್ಕ್ಯಾನಿಂಗ್ ಸೆಂಟರಿಗೆ ಓಡಾಡಿದ್ದು?" ಮೂರು ವಾರಕ್ಕೆ ನೋವು ಮರಳಿತು, ಇನ್ನೊಂದು ಇಂಜೆಕ್ಷನ್ ಬೇಕಾಯಿತು ಎಂಬುದನ್ನೂ ಹೇಳಿಬಿಡಬೇಕು.

ಇನ್ನೊಬ್ಬರು ನಿವೃತ್ತ ಬಸ್ ಕಂಡಕ್ಟರ್. ದಿನಕ್ಕೆ ಐದಾರು ಲೂಸ್ ಮೋಷನ್, ಒಂದೂವರೆ ವರ್ಷ. "ಮಾತ್ರೆ ಏನಾದರೂ ತಗೋತೀರಾ?" "ಏನೂ ಇಲ್ಲ ಸರ್." ಹಿಂದೆ ನಿಂತ ಹೆಂಡತಿ ಮೆಲ್ಲಗೆ, "ಶುಗರ್ ಮಾತ್ರೆ ತಗೋತಾರಲ್ಲ?" ಇವರಿಗೆ ರೇಗಿತು. "ಅದು ಶುಗರಿಗೆ ಕಣೇ, ಇವರು ಕೇಳ್ತಿರೋದು ಹೊಟ್ಟೇದು!" ಶುಗರ್ ಮಾತ್ರೆ ಎಂದರೆ ಮೆಟ್‌ಫಾರ್ಮಿನ್. ಒಳ್ಳೆಯ ಔಷಧಿಯೇ, ಆದರೆ ಕೆಲವರ ಹೊಟ್ಟೆ ಕೆಡಿಸುತ್ತದೆ. ಡೋಸ್ ಹೆಚ್ಚಿಸಿದ್ದು ಯಾವಾಗ ಎಂದು ಹಳೇ ಚೀಟಿಯಲ್ಲಿ ಹುಡುಕಿದರೆ, ಒಂದೂವರೆ ವರ್ಷದ ಹಿಂದೆ. ಅವರ ಫಿಸಿಷಿಯನ್ ಜೊತೆ ಮಾತಾಡಿ, ನಿಧಾನವಾಗಿ ಕರಗುವ ಬಗೆಗೆ ಬದಲಿಸಿದ ಮೇಲೆ ನಿಂತಿತು. (ಇದನ್ನು ಓದಿ ನೀವಾಗಿಯೇ ಶುಗರ್ ಮಾತ್ರೆ ಬಿಟ್ಟರೆ ಅದರ ಹೊಣೆ ನನ್ನದಲ್ಲ.)

ಮದ್ದಿನ ಕಥೆಯನ್ನೂ ಹೇಳಬೇಕು. ಒಬ್ಬ ಸೊಸೆ, ಉಬ್ಬರ, ಗುಡುಗುಡು, ನೀರಿನಂಥ ಭೇದಿ. ಎರಡು ಎಂಡೋಸ್ಕೋಪಿ ನಾರ್ಮಲ್ ಬಂದಮೇಲೆ ಅತ್ತೆಗೆ ಖಾತ್ರಿಯಾಯಿತು, ಯಾರೋ ಕೈಮದ್ದು ಹಾಕಿದ್ದಾರೆ. ಕರೆದುಕೊಂಡು ಹೋಗಿ ವಾಂತಿ ಮಾಡಿಸಿ ಮದ್ದು ತೆಗೆಸಿದರು. ಗುಣವೂ ಆಯಿತು! ಎರಡು ತಿಂಗಳಿಗೆ ಮತ್ತೆ ಶುರು. ನನ್ನ ಬಳಿ ಬಂದಾಗ ಅತ್ತೆ ಸವಾಲಿನಂತೆ ಹೇಳಿದರು, "ಅವನು ತೆಗೆದಾಗ ಚೆನ್ನಾಗಿದ್ಲು ಡಾಕ್ಟ್ರೇ." ಪಥ್ಯ ಏನು ಹೇಳಿದ್ದರು ಎಂದು ಕೇಳಿದೆ. 48 ದಿನ ಹಾಲು ಮುಟ್ಟುವಂತಿಲ್ಲ, ಕಾಫಿ ಟೀ ಕೂಡ ಇಲ್ಲ. ಪಥ್ಯ ಮುಗಿದ ಮಾರನೇ ದಿನದಿಂದಲೇ ದಿನಕ್ಕೆರಡು ದೊಡ್ಡ ಲೋಟ ಹಾಲು, ಸೊರಗಿದ್ದಾಳೆಂದು ಅತ್ತೆಯೇ ಕುಡಿಸುತ್ತಿದ್ದರು. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕುಂದುವುದು ನಮ್ಮ ದಕ್ಷಿಣದವರಲ್ಲಿ ತೀರಾ ಸಾಮಾನ್ಯ. ಹಾಲು ಬಿಡಿಸಿದೆ, ಮೊಸರು ಬಿಡಿಸಲಿಲ್ಲ, ಅದರಲ್ಲಿ ಸಕ್ಕರೆಯ ಒಂದು ಪಾಲನ್ನು ಹೆಪ್ಪೇ ತಿಂದಿರುತ್ತದೆ. ಎರಡು ಎಂಡೋಸ್ಕೋಪಿ ತೋರಿಸದ್ದನ್ನು ಆ ಮದ್ದು ತೆಗೆಯುವವನ ಪಥ್ಯ ತೋರಿಸಿಕೊಟ್ಟಿತು, ಅವನಿಗೆ ಗೊತ್ತಿಲ್ಲದೆ. ವಾಂತಿ ಮಾಡಿಸುವುದನ್ನು ನಾನು ಒಪ್ಪುತ್ತಿಲ್ಲ, ಅಪಾಯದ ಕೆಲಸ ಅದು.

ಪರೀಕ್ಷೆ ಬೇಡ ಎಂದು ಹಟ ಹಿಡಿದವನಲ್ಲ ನಾನು. ಯಾವುದನ್ನು, ಯಾವಾಗ ಎಂಬುದು ಪ್ರಶ್ನೆ. ಜಠರದಲ್ಲಿ ಸೇರಿಕೊಂಡು ಹುಣ್ಣು ಮಾಡಬಲ್ಲ ಎಚ್. ಪೈಲೋರಿ ಬ್ಯಾಕ್ಟೀರಿಯಾಕ್ಕೆ ಉಸಿರಿನ ಪರೀಕ್ಷೆ ಇದೆ, ಒಳ್ಳೆಯದು. ಅದಕ್ಕೆ ಮೊದಲು ಎರಡು ವಾರ ಖಾಲಿ ಹೊಟ್ಟೆ ಮಾತ್ರೆ ನಿಲ್ಲಿಸಬೇಕು, ಆ್ಯಂಟಿಬಯೋಟಿಕ್ ಮುಗಿದು ನಾಲ್ಕು ವಾರ ಆಗಿರಬೇಕು. ಬೆಳಿಗ್ಗೆ ಮಾತ್ರೆ ನುಂಗಿ ಹತ್ತು ಗಂಟೆಗೆ ಊದಿ ಬಂದ 'ನೆಗೆಟಿವ್' ನನಗೆ ಯಾವ ಉಪಯೋಗಕ್ಕೂ ಬಾರದು. ಗೋಧಿಯ ಅಲರ್ಜಿ ಎಂದು ಜನ ಕರೆಯುವ ಸೀಲಿಯಾಕ್ ಕಾಯಿಲೆಯದ್ದೂ ಇದೇ ಹಾಡು. ಆರು ತಿಂಗಳು ಚಪಾತಿ ಬಿಟ್ಟು ಆಮೇಲೆ ರಕ್ತ ಕೊಟ್ಟರೆ ಸಿಗುವ ಸುಳಿವೂ ಅಳಿಸಿಹೋಗಿರುತ್ತದೆ.

ಹಾಗಾದರೆ ಆ ಕವರಿನ ಮನುಷ್ಯರಿಗೆ ಏನಾಗಿತ್ತು? ಇಪ್ಪತ್ತು ನಿಮಿಷ ಕೂತು ಕೇಳಿದೆ. ಏಳು ವರ್ಷದ ಹಿಂದೆ ಒಂದು ಜಾತ್ರೆಗೆ ಹೋಗಿ ಬಂದು ನಾಲ್ಕು ದಿನ ವಾಂತಿಭೇದಿ, ಡ್ರಿಪ್ಸ್ ಹಾಕಿಸಿಕೊಂಡಿದ್ದರು. ಅಲ್ಲಿಂದ ಶುರು. ಬೆಳಿಗ್ಗೆ ಮನೆ ಬಿಡುವ ಮೊದಲು ಮೂರು ಸಲ ಹೋಗಬೇಕು, ಹೋದ ಮೇಲೆ ನೋವು ಇಳಿಯುತ್ತದೆ. ರಾತ್ರಿ ಎಬ್ಬಿಸಿದ್ದಿಲ್ಲ, ತೂಕ ಇಳಿದಿಲ್ಲ, ರಕ್ತ ಬಿದ್ದಿಲ್ಲ. ಈ ಜಾತ್ರೆಯ ವಿಷಯ ಕವರಿನ ಯಾವ ಹಾಳೆಯಲ್ಲೂ ಇರಲಿಲ್ಲ. ಸೋಂಕು ವಾಸಿಯಾದರೂ ನೀರುಗಂಟಿ ಬೆಚ್ಚಿಬಿದ್ದೇ ಉಳಿದಿದ್ದ. ಇದಕ್ಕೆ ಹೆಸರಿದೆ: ಇರಿಟಬಲ್ ಬವೆಲ್ ಸಿಂಡ್ರೋಮ್, ಐಬಿಎಸ್. 2016ರಲ್ಲಿ ಪರಿಷ್ಕರಿಸಿದ ರೋಮ್ ಮಾನದಂಡದ ಪ್ರಕಾರ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ನೋವಿರಬೇಕು. ಆ ನೋವಿಗೂ ಮಲವಿಸರ್ಜನೆಗೂ, ಎಷ್ಟು ಸಲ ಎಂಬುದಕ್ಕೂ, ಮಲದ ರೂಪಕ್ಕೂ ಇರುವ ನಂಟಿನಲ್ಲಿ ಎರಡಾದರೂ ಕೂಡಿಬರಬೇಕು. ನೋಡಿ, ಇದರಲ್ಲಿ ಒಂದೂ ಯಂತ್ರ ಹೇಳುವ ಮಾತಲ್ಲ, ನೀವೇ ಹೇಳಬೇಕು. ಜನ ಐಬಿಎಸ್ ಎಂದರೆ "ಏನೂ ಇಲ್ಲ ಅಂದ್ರು" ಎಂದು ಕೇಳಿಸಿಕೊಳ್ಳುತ್ತಾರೆ, ಇಲ್ಲವೇ "ತಲೆ ಕೆಟ್ಟಿದೆ ಅಂದ್ರು" ಎಂದು. ಎರಡನ್ನೂ ನಾನು ಹೇಳಿಲ್ಲ.

ಇನ್ನೊಂದು ಕಡೆಯ ತಪ್ಪನ್ನು ನಾನೇ ಮಾಡಿದ್ದೇನೆ. ಹರಿಹರದ ಕಾರ್ಖಾನೆಯ ಹುಡುಗ, 24 ವರ್ಷ. ನೋವು, ಒಮ್ಮೆ ಭೇದಿ ಒಮ್ಮೆ ಬದ್ಧತೆ. ಐಬಿಎಸ್ ಎಂದು ಬರೆದೆ. ಪರೀಕ್ಷೆಗೆ ಮಂಚ ಹತ್ತುವಾಗ ಬೆಲ್ಟ್ ಬಿಚ್ಚಿದ. ಕಂಪನಿ ಹೊಡೆದ ತೂತುಗಳಾಚೆ, ಮೊಳೆಯಿಂದ ಹೊಡೆದ ಎರಡು ವಕ್ರ ತೂತುಗಳಿದ್ದವು. ಕಂಡೆ, ಕೇಳಲಿಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು ಎಂಬುದು ನೆಪ. ಐದು ತಿಂಗಳ ಮೇಲೆ ಜ್ವರ ಹೊತ್ತು ಬಂದಾಗ ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು ಕಳಿಸಿದೆ, ಸಣ್ಣ ದೊಡ್ಡ ಕರುಳು ಕೂಡುವಲ್ಲಿ ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾದ, ಪುಣ್ಯ. ಆದ್ದರಿಂದ ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಬಂದರೆ, ನಿದ್ದೆಯಿಂದ ಎಬ್ಬಿಸುವ ನೋವು ಭೇದಿ ಇದ್ದರೆ, ಜ್ವರ ಕಾಡಿದರೆ, ರಕ್ತಹೀನತೆ ಇದ್ದರೆ, 45 ದಾಟಿದ ಮೇಲೆ ಹೊಸದಾಗಿ ಶುರುವಾಗಿದ್ದರೆ, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ತಡಮಾಡಬೇಡಿ, ಅಲ್ಲಿ ಕ್ಯಾಮೆರಾ ಬೇಕೇ ಬೇಕು. ಅಂದಿನಿಂದ ಎಲ್ಲರ ಬೆಲ್ಟ್ ನೋಡುತ್ತೇನೆ, ಹೆಂಗಸರಿಗೆ ಬಳೆ ಸಡಿಲವಾಗಿದೆಯೇ ಎಂದು ಕೇಳುತ್ತೇನೆ.

ಚನ್ನಗಿರಿಯವರಿಗೆ ಹೇಳಿದ್ದು ಇಷ್ಟೇ. ಮನೆಯ ಗೋಡೆ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಗೆರೆ ಎಳೆಯಿರಿ, ಎಷ್ಟು ಸಲ ಹೋದಿರಿ, ಗಟ್ಟಿಯೋ ತೆಳುವೋ ಬರೆಯಿರಿ, ಹಿಂದಿನ ರಾತ್ರಿಯ ಊಟ ಬರೆಯಿರಿ. ನುಂಗುವ ಎಲ್ಲಾ ಮಾತ್ರೆ, ಕಷಾಯ, ಚೂರ್ಣ ಚೀಲದಲ್ಲಿ ತನ್ನಿ. ಆ ಕವರು ಮನೆಯಲ್ಲೇ ಇರಲಿ.

ತಿಂಗಳ ಮೇಲೆ ಬಂದರು. ಕ್ಯಾಲೆಂಡರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟಿದ್ದರು. ಗೆರೆಗಳು ಹೆಂಡತಿಯ ಕೈಬರಹದಲ್ಲಿದ್ದವು, ಅಡಿಕೆ ಮಂಡಿಗೆ ಹೋಗುವ ದಿನಗಳಲ್ಲಿ ಒತ್ತೊತ್ತಾಗಿದ್ದವು. ಪರವಾಗಿಲ್ಲ, ಅರ್ಧಕ್ಕಿಂತ ಕಡಿಮೆಯಾಗಿದೆ ಎಂದರು. ಕಾಲ ಬಳಿ ಸೀರೆ ಅಂಗಡಿಯ ಕವರೂ ಇತ್ತು.

"ಇರ್ಲಿ ಅಂತ ತಂದೆ ಸರ್."