ಪ್ರಶ್ನೆ ಕೇಳುವವರು ಯಾರ ಅತಿಥಿಗಳು?

ರಾಜಕೀಯ ವರದಿಗಾರರ ವೃತ್ತಿಧರ್ಮವನ್ನು ಅವರ ಎದೆಗಾರಿಕೆಯಿಂದ ಅಳೆಯುವುದು ರೂಢಿ. ಆದರೆ ಪತ್ರಿಕಾಗೋಷ್ಠಿಯನ್ನು ಕರೆದವರು ಯಾರು, ಅಲ್ಲಿಗೆ ಯಾರಿಗೆ ಪ್ರವೇಶ, ಕೇಳಿದ್ದನ್ನು ಯಾರ ಹೆಸರಿನಲ್ಲಿ ಬರೆಯಬಹುದು ಎಂಬ ಕಟ್ಟಳೆಗಳೇ ಒಂದೊಂದು ದೇಶದಲ್ಲಿ ಅವರ ನಡವಳಿಕೆಯನ್ನು ಹೆಚ್ಚಾಗಿ ರೂಪಿಸಿವೆ.

ಬ್ರಿಟನ್ನಿನಲ್ಲಿ ಸಂಸತ್ತಿನ ಚರ್ಚೆಯನ್ನು ಅಚ್ಚು ಹಾಕುವುದೇ ಒಂದು ಕಾಲಕ್ಕೆ ಹಕ್ಕುಚ್ಯುತಿಯಾಗಿತ್ತು. 1771ರಲ್ಲಿ ಮುದ್ರಕರನ್ನು ಹಿಡಿಸಲು ಹೋಗಿ ಲಂಡನ್ ನಗರಾಡಳಿತದ ಪ್ರತಿರೋಧ ಎದುರಿಸಿದ ಮೇಲೆ ಕಾಮನ್ಸ್ ಸಭೆ ಆ ನಿಷೇಧವನ್ನು ಜಾರಿಗೊಳಿಸುವ ಗೋಜಿಗೆ ಹೋಗಲಿಲ್ಲ. 1880ರ ದಶಕದಲ್ಲಿ, ಸದಸ್ಯರ ಮೊಗಸಾಲೆಗೆ ಪಟ್ಟಿಯಲ್ಲಿ ಹೆಸರಿದ್ದ ವರದಿಗಾರರಿಗೆ ಮಾತ್ರ ಪ್ರವೇಶವೆಂದಾಯಿತು. ‘ಲಾಬಿ’ ಪತ್ರಕರ್ತರೆಂಬ ಹೆಸರು ಅಲ್ಲಿಂದ ಬಂದದ್ದು. ಅಲ್ಲಿ ಕಿವಿಗೆ ಬಿದ್ದದ್ದನ್ನು ಬರೆಯಬಹುದಿತ್ತು, ಆಡಿದವರ ಹೆಸರನ್ನು ಬರೆಯುವಂತಿರಲಿಲ್ಲ. ಪ್ರಧಾನಿ ಕಚೇರಿಯ ಗೋಷ್ಠಿಗಳಿಗೂ ಹಬ್ಬಿದ ಈ ಗುಟ್ಟು, ಅಂಥ ಗೋಷ್ಠಿ ನಡೆಯಿತೆಂದೂ ಓದುಗರಿಗೆ ತಿಳಿಸದಿರುವಷ್ಟು ದೂರ ಹೋಯಿತು. 1986ರಲ್ಲಿ ಆರಂಭವಾದ ‘ದಿ ಇಂಡಿಪೆಂಡೆಂಟ್’ ಈ ವ್ಯವಸ್ಥೆಯಿಂದ ಹೊರಗುಳಿದದ್ದು ಅದಕ್ಕಾಗಿಯೇ. ‘ದಿ ಗಾರ್ಡಿಯನ್’ ಕೂಡ ಕೆಲಕಾಲ ಹೊರಗೆ ನಿಂತಿತು. ಹೇಳಿಕೆಗಳನ್ನು ‘ಪ್ರಧಾನಿಯ ಅಧಿಕೃತ ವಕ್ತಾರ’ರ ಮಾತೆಂದು ಬರೆಯಲು ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಹಾಗೆಂದು ಲಾಬಿಯನ್ನು ಬರೀ ಆಸ್ಥಾನವೆಂದು ತಳ್ಳಿಹಾಕಲಾಗದು: 2020ರ ಫೆಬ್ರವರಿಯಲ್ಲಿ ಸರ್ಕಾರ ಆಯ್ದ ಕೆಲವರಿಗೆ ಮಾತ್ರ ಮಾಹಿತಿ ನೀಡಲು ಹೊರಟಾಗ, ಆಯ್ಕೆಯಾಗಿದ್ದ ಪತ್ರಕರ್ತರೂ ಎದ್ದು ಹೊರನಡೆದರು.

ಜಪಾನಿನ ‘ಕಿಶಾ ಕ್ಲಬ್’ ಹುಟ್ಟಿದ್ದು 1890ರಲ್ಲಿ, ಹೊಸ ಸಂಸತ್ತಿನೊಳಗೆ ಪ್ರವೇಶ ಬೇಕೆಂದು ಹೋರಾಡಿದ ವರದಿಗಾರರ ಕೂಟವಾಗಿ. ಮುಂದೆ ಇಂಥ ಕ್ಲಬ್ಬುಗಳು ಸಚಿವಾಲಯಗಳ ಒಳಗೇ ಮೇಜು ಕುರ್ಚಿ ಹಾಕಿಕೊಂಡು ಕುಳಿತವು. ಸ್ವತಂತ್ರ ಮತ್ತು ವಿದೇಶಿ ಪತ್ರಕರ್ತರಿಗೆ ಬಾಗಿಲು ಮುಚ್ಚಿದ್ದು ಅದೇ ಕೂಟ. ನಾಗಾನೊ ಪ್ರಾಂತದ ಗವರ್ನರ್ ಯಾಸುವೊ ತನಾಕಾ 2001ರಲ್ಲಿ ಈ ಪದ್ಧತಿಯನ್ನೇ ತಮ್ಮ ಆಡಳಿತದಲ್ಲಿ ಕೈಬಿಟ್ಟರು.

ಜರ್ಮನಿಯಲ್ಲಿ ಸಂಬಂಧ ತಿರುವುಮುರುವು. 1949ರಲ್ಲಿ ಬಾನ್‌ನಲ್ಲಿ ಸ್ಥಾಪನೆಯಾದ ‘ಬುಂಡೆಸ್‌ಪ್ರೆಸ್ಸೆಕಾನ್ಫರೆನ್ಸ್’ ಪತ್ರಕರ್ತರದೇ ಸಂಘ. ವಾರಕ್ಕೆ ಮೂರು ಬಾರಿ ಸರ್ಕಾರದ ವಕ್ತಾರರು ಅಲ್ಲಿಗೆ ಅತಿಥಿಗಳಾಗಿ ಬರುತ್ತಾರೆ, ಸಭೆ ನಡೆಸುವುದು ಪತ್ರಕರ್ತರು. ಆದರೂ ಅದೇ ದೇಶದಲ್ಲಿ ಸಂದರ್ಶನ ಕೊಟ್ಟ ರಾಜಕಾರಣಿ ಅಚ್ಚಿಗೆ ಮೊದಲು ತನ್ನ ಉತ್ತರಗಳನ್ನು ಓದಿ ತಿದ್ದಿ ಒಪ್ಪಿಗೆ ಕೊಡುವ ವಾಡಿಕೆಯಿದೆ. 2003ರಲ್ಲಿ ಒಲಾಫ್ ಶೋಲ್ಟ್ಸ್ ಅವರ ಸಂದರ್ಶನಕ್ಕೆ ಒಪ್ಪಿಗೆ ಸಿಗದಿದ್ದಾಗ ‘ಟಾತ್ಸ್’ ಪತ್ರಿಕೆ ಉತ್ತರಗಳಿಗೆ ಕಪ್ಪು ಬಳಿದು ಪ್ರಶ್ನೆಗಳನ್ನಷ್ಟೇ ಪ್ರಕಟಿಸಿತು.

ಅಮೆರಿಕದಲ್ಲಿ, ಅಧ್ಯಕ್ಷ ವಿಲ್ಸನ್ ಅವರ ಗೋಷ್ಠಿಗೆ ಯಾರು ಬರಬೇಕೆಂಬುದನ್ನು ಬೇರೆಯವರು ನಿರ್ಧರಿಸಿಬಿಟ್ಟಾರೆಂಬ ಆತಂಕದಿಂದ 1914ರಲ್ಲಿ ಶ್ವೇತಭವನ ವರದಿಗಾರರ ಸಂಘ ಹುಟ್ಟಿತು. ಅಧ್ಯಕ್ಷರ ಜೊತೆಗಿರುವ ಪತ್ರಕರ್ತರ ಸಣ್ಣ ತಂಡದ ಸರದಿಯನ್ನು ದಶಕಗಳ ಕಾಲ ನೋಡಿಕೊಂಡಿದ್ದೂ ಆ ಸಂಘವೇ. 2025ರ ಫೆಬ್ರವರಿಯಲ್ಲಿ ಆ ಆಯ್ಕೆಯನ್ನು ಶ್ವೇತಭವನ ತನ್ನ ಕೈಗೆ ತೆಗೆದುಕೊಂಡಿತು.