ಏಳು ವರ್ಷ ಕಾದರೆ ಹಳೇ ಸಾಲ ರಿಪೋರ್ಟಿನಿಂದ ಹೋಗುತ್ತಾ?

ಕಳೆದ ಮಳೆಗಾಲದಲ್ಲಿ ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಶಿವಮೊಗ್ಗದ ನನ್ನ ಆಫೀಸಿಗೆ ಬಂದರು. ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದು ಸೈಬರ್ ಸೆಂಟರಿನಲ್ಲಿ ತೆಗೆಸಿದ ಸಿಬಿಲ್ ರಿಪೋರ್ಟ್, ಅಂದರೆ ಯಾವ್ಯಾವ ಸಾಲ ಇದೆ, ಹೇಗೆ ಕಟ್ಟಿದ್ದೀರಿ ಅನ್ನುವ ದಾಖಲೆ. ಅಡಿಕೆ ಸುಲಿಯುವ ಯಂತ್ರಕ್ಕೆ ಸಾಲ ಕೇಳಿದ್ದರು, ಬ್ಯಾಂಕಿನವರು ಆಗಲ್ಲ ಅಂದಿದ್ದರು. ಕಾರಣ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗಿನ ಒಂದು ಕ್ರೆಡಿಟ್ ಕಾರ್ಡ್. ಊರಿಗೆ ಬರುವಾಗ ಹದಿನೆಂಟು ಸಾವಿರ ಬಾಕಿ ಇತ್ತು. ಬಡ್ಡಿ ಸೇರಿ ಅದೀಗ ಅರವತ್ತೊಂದು ಸಾವಿರ ಆಗಿತ್ತು.

"ಏಳು ವರ್ಷ ದಾಟಿತಲ್ಲ ಮಾರಾಯ್ರೆ, ತಾನಾಗೇ ಹೋಗ್ಬೇಕಿತ್ತಲ್ವಾ?" ಅಂದರು.

ಈ ಮಾತನ್ನು ನಾನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಇದರ ಮೂಲ ಅಮೆರಿಕದ ಕಾನೂನು. ಅಲ್ಲಿ ವಸೂಲಿಗೆ ಹೋದ ಸಾಲವನ್ನು, ಕಂತು ತಪ್ಪಿದ ಕಾಲದಿಂದ ಸುಮಾರು ಏಳು ವರ್ಷ ಆದಮೇಲೆ ರಿಪೋರ್ಟಿನಲ್ಲಿ ತೋರಿಸುವಂತಿಲ್ಲ. ನಮ್ಮಲ್ಲೂ ಏಳು ವರ್ಷದ ಮಾತಿದೆ, ಆದರೆ ಅರ್ಥ ಪೂರಾ ಬೇರೆ. 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ನಿಯಮದಂತೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಲೇಬೇಕು. ಆಮೇಲೆ ಅಳಿಸಲೇಬೇಕು ಅಂತ ಅದು ಹೇಳುವುದಿಲ್ಲ. ಬಾಕಿ ಹಾಗೇ ಇದ್ದು, ಬ್ಯಾಂಕು ಅದನ್ನು ವರದಿ ಮಾಡುತ್ತಲೇ ಇದ್ದರೆ ಹತ್ತು ವರ್ಷವಾದರೂ ಕಾಣುತ್ತದೆ.

ಅವರ ರಿಪೋರ್ಟನ್ನು ಮೇಜಿನ ಮೇಲೆ ಬಿಡಿಸಿ ತೋರಿಸಿದೆ. ಪ್ರತಿ ಖಾತೆಯ ಕೆಳಗೆ ಸಣ್ಣ ಸಣ್ಣ ಚೌಕ ಇರುತ್ತವೆ, 36 ತಿಂಗಳವರೆಗಿನ ಲೆಕ್ಕ. 000 ಅಂದರೆ ಸರಿಯಾಗಿ ಕಟ್ಟಿದ್ದೀರಿ, 090 ಅಂದರೆ ತೊಂಬತ್ತು ದಿನ ತಡ. ಪಕ್ಕದಲ್ಲಿ 'ರಿಟನ್ ಆಫ್' ಅಂತ ಇತ್ತು. "ಇದು ಮನ್ನಾ ಆಗಿದೆ ಅಂತಲ್ವಾ ಸಾರ್?" ಅಂತ ಕೇಳಿದರು. ಬಹಳ ಜನ ಎಡವುವುದು ಇಲ್ಲೇ. ರೈಟ್ ಆಫ್ ಅನ್ನುವುದು ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟ ಅಂತ ಬರೆದುಕೊಳ್ಳುವುದು, ಒಳಗಿನ ಲೆಕ್ಕಪತ್ರದ ಕೆಲಸ ಅಷ್ಟೇ. ಸಾಲ ನಿಮ್ಮ ತಲೆ ಮೇಲೇ ಇರುತ್ತದೆ.

ಕೋರ್ಟಿನ ಗಡುವು ಬೇರೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಇಂಥ ಅಡಮಾನವಿಲ್ಲದ ಸಾಲಕ್ಕೆ ದಾವೆ ಹಾಕಲು ಮೂರು ವರ್ಷ. ಅದು ಮುಗಿಯುವ ಮೊದಲು ನೀವು ಸಾಲ ಒಪ್ಪಿ ಬರೆದುಕೊಟ್ಟರೆ ಮೂರು ವರ್ಷ ಮತ್ತೆ ಹೊಸದಾಗಿ ಶುರು. ವಸೂಲಿಯವರು ಕೊಟ್ಟ ಕಾಗದಕ್ಕೆ ಸುಮ್ನೆ ಸಹಿ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ. ಆದರೆ ದಾವೆಯ ಗಡುವು ಮುಗಿದ ಮಾತ್ರಕ್ಕೆ ರಿಪೋರ್ಟಿನ ಸಾಲು ಹೋಗುವುದಿಲ್ಲ. ಅಂದ ಹಾಗೆ, ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ.

ಈ ಬೆಳೆಗಾರರಿಗೆ ಒಂದು ಆಫರ್ ಬಂದಿತ್ತು: ಇಪ್ಪತ್ತೈದು ಸಾವಿರ ಕಟ್ಟಿ, ಮುಗಿಸಿ. ಆಸೆ ಹುಟ್ಟಿಸುವ ಮಾತೇ. ಆದರೆ ಕಡಿಮೆಗೆ ಮುಗಿಸಿದರೆ ರಿಪೋರ್ಟಿನಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ. ಮುಂದೆ ಸಾಲ ಕೊಡುವವನು ಅದನ್ನು ಓದುವುದು, 'ಇವರಿಂದ ಒಂದು ಬ್ಯಾಂಕಿಗೆ ನಷ್ಟ ಆಗಿದೆ' ಅಂತ. ಕೈಲಾಗದವರು ಸೆಟಲ್ ಮಾಡಿಕೊಳ್ಳಲಿ, ತಪ್ಪಿಲ್ಲ. ಸಾಲ ಬೇಕಾಗಿರುವವರು ಪೂರ್ತಿ ಕಟ್ಟುವುದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಯಾವುದೇ ಆದರೂ ದುಡ್ಡು ಕಟ್ಟುವ ಮೊದಲೇ ರಿಪೋರ್ಟಿನಲ್ಲಿ ಏನು ಹಾಕುತ್ತೀರಿ ಅಂತ ಬರೆಸಿಕೊಳ್ಳಿ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಪಡೆಯಿರಿ.

ಪತ್ರ ಸಿಕ್ಕಿಯೂ ರಿಪೋರ್ಟ್ ಬದಲಾಗದಿದ್ದರೆ ಬ್ಯಾಂಕಿಗೋ ಸಿಬಿಲ್‌ಗೋ ದೂರು ಕೊಡಿ, ಪೈಸೆ ಖರ್ಚಿಲ್ಲ. 30 ದಿನದೊಳಗೆ ಬಗೆಹರಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. 'ಸಿಬಿಲ್ ಕ್ಲೀನ್ ಮಾಡಿಕೊಡ್ತೀವಿ, ಹತ್ತು ಸಾವಿರ ಕೊಡಿ' ಅನ್ನುವವರನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. ನಿಜವಾದ ಬಾಕಿಯನ್ನು ಯಾವ ಏಜೆಂಟನೂ ಅಳಿಸಲಾರ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಅದನ್ನು ಸಾಲ ಕೇಳುವ ಮೊದಲೇ ತೆಗೆಸಿ ನೋಡಿ.

ಅಡಿಕೆ ಮಾರಿದ ಮೇಲೆ ಅವರು ಪೂರ್ತಿ ಕಟ್ಟಿದರು. ಎರಡು ತಿಂಗಳ ನಂತರದ ರಿಪೋರ್ಟಿನಲ್ಲಿ 'ಪೋಸ್ಟ್ ರೈಟ್ ಆಫ್ ಕ್ಲೋಸ್ಡ್' ಅಂತ ಬಂದಿತ್ತು, ಅಂದರೆ ರೈಟ್ ಆಫ್ ಆದಮೇಲೆ ಕಟ್ಟಿ ಮುಗಿಸಿದ ಖಾತೆ. ಹಳೇ ಗುರುತು ಉಳಿದಿತ್ತು, ಬಾಕಿಯ ಜಾಗದಲ್ಲಿ ಮಾತ್ರ ಸೊನ್ನೆ. ಆದರೆ ಕೊನೆಯ ಪುಟದಲ್ಲಿ ಇನ್ನೊಂದು ಖಾತೆ ಕಂಡಿತು, ಮುಂದೆ 'ಗ್ಯಾರಂಟರ್' ಅಂತ ಬರೆದಿತ್ತು. ಭಾವನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದು ಅವರಿಗೆ ಮರೆತೇ ಹೋಗಿತ್ತು. ಅಲ್ಲೂ ಎರಡು ಕಂತು ತಪ್ಪಿತ್ತು. ನನ್ನ ಎದುರೇ ಕೂತು ಭಾವನಿಗೆ ಫೋನ್ ಹಚ್ಚಿದರು.