ಬಂದರಿನ ದೊಡ್ಡ ಕ್ರೇನನ್ನು ಎತ್ತಿ ನಿಲ್ಲಿಸುವುದು ಯಾರು?

ಪ್ರಶ್ನೆ: ನಮ್ಮ ಕಾಫಿ ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಕಂಟೇನರ್‌ನಲ್ಲಿ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತದೆ. ಕಂಟೇನರನ್ನು ಹಡಗಿಗೆ ಏರಿಸುವ ಭಾರಿ ಕ್ರೇನ್‌ಗಳನ್ನು ಟಿವಿಯಲ್ಲಿ ನೋಡಿದ್ದೇನೆ. ಆ ಕ್ರೇನನ್ನು ನಿಲ್ಲಿಸಲು ಅದಕ್ಕಿಂತ ದೊಡ್ಡ ಕ್ರೇನ್ ಬೇಕಲ್ವಾ?
– ಸುಂಟಿಕೊಪ್ಪದ ಬೆಳೆಗಾರರೊಬ್ಬರು

ಉತ್ತರ: ಟೈರ್ ಮೇಲೆ ಓಡಾಡುವ ಕ್ರೇನ್ ಆದರೆ ನಿಮ್ಮ ಊಹೆ ಬಹುಮಟ್ಟಿಗೆ ಸರಿ. ಬಿಡಿಬಿಡಿಯಾಗಿ ಬಂದರೆ ಬೇರೆ ಕ್ರೇನ್ ತಂದು ಜೋಡಿಸುತ್ತಾರೆ. ಆದರೆ ನೀವು ಕೇಳಿದ್ದು ಹಳಿ ಮೇಲೆ ನಿಲ್ಲುವ ದೈತ್ಯ ಕ್ರೇನ್. ಅದನ್ನು ಸಾಮಾನ್ಯವಾಗಿ ಯಾರೂ ಎತ್ತುವುದೇ ಇಲ್ಲ. ಪೂರ್ತಿ ಜೋಡಿಸಿಕೊಂಡು, ಹಡಗಿನ ಮೇಲೆ ನಿಂತುಕೊಂಡೇ ಬರುತ್ತದೆ.

2023ರ ಅಕ್ಟೋಬರ್‌ನಲ್ಲಿ ಕೇರಳದ ವಿಳಿಂಜಂ ಬಂದರಿಗೆ ಬಂದ ಮೊದಲ ಹಡಗು 'ಝೆನ್ ಹುವಾ 15'. ಅದು ಚೀನಾದಿಂದ ಹೊತ್ತು ತಂದದ್ದು ಕ್ರೇನ್‌ಗಳನ್ನೇ.

ಇಳಿಸುವ ಕೆಲಸ ನೋಡಲು ನಿಧಾನ, ಮಾಡಲು ಬಹಳ ಕಷ್ಟ. ಹಡಗಿನ ಡೆಕ್ ಮೇಲೆ ಹಳಿ ಇರುತ್ತದೆ. ಅದರಿಂದ ದಕ್ಕೆಗೆ, ಅಂದರೆ ಹಡಗು ಬಂದು ನಿಲ್ಲುವ ದಡದ ಕಟ್ಟೆಗೆ, ಉಕ್ಕಿನ ಸೇತುವೆ ಹಾಕುತ್ತಾರೆ. ಆಮೇಲೆ ವಿಂಚ್ ಎಂಬ, ಹಗ್ಗ ಸುತ್ತಿ ಎಳೆಯುವ ಯಂತ್ರದಿಂದ ಕ್ರೇನನ್ನು ಮೆಲ್ಲಗೆ ಎಳೆಯುತ್ತಾರೆ. ಎರಡು ಕಾಲು ದಡಕ್ಕೆ ಬಂದವು ಅನ್ನಿ, ಹಡಗಿನ ಮೇಲಿನ ಭಾರ ಕಡಿಮೆಯಾಗಿ ಆ ಬದಿ ಮೇಲೇಳುತ್ತದೆ. ಜೊತೆಗೆ ಸಮುದ್ರದ ಉಬ್ಬರ ಇಳಿತ ಬೇರೆ. ಹಾಗಾಗಿ ಹಡಗಿನ ತಳದ ತೊಟ್ಟಿಗಳಿಗೆ ನೀರು ತುಂಬುತ್ತಾ, ಖಾಲಿ ಮಾಡುತ್ತಾ ಡೆಕ್ಕನ್ನು ದಕ್ಕೆಯ ಮಟ್ಟಕ್ಕೇ ಹಿಡಿದಿರಬೇಕು. ನನ್ನ ಪ್ರಕಾರ ಇಡೀ ಕೆಲಸದ ಜಾಣ್ಮೆ ಇರುವುದು ಈ ನೀರಿನ ಲೆಕ್ಕದಲ್ಲೇ. ದಡ ಸೇರಿದ ಮೇಲೆ ಲಾರಿಗೆ ಕೊಡುವ ಹಾಗೆ ಕಾಲಿಗೆ ಜಾಕ್ ಕೊಟ್ಟು, ಚಕ್ರಗಳನ್ನು ದಕ್ಕೆಯ ಹಳಿಯ ದಿಕ್ಕಿಗೆ ತಿರುಗಿಸಿ ಕೂರಿಸುತ್ತಾರೆ.

ಅಲೆ ಜಾಸ್ತಿ ಇದ್ದರೆ ಇದಕ್ಕೆ ಕೈ ಹಾಕುವಂತಿಲ್ಲ. ವಿಳಿಂಜಂನಲ್ಲಿ ಇಳಿಸುವುದು ತಡವಾಗಲು ಸಮುದ್ರದ ಅಬ್ಬರವೂ ಒಂದು ಕಾರಣ. ನಮ್ಮ ತೋಟಗಳನ್ನು ತೋಯಿಸುವ ಮುಂಗಾರೇ ಪಶ್ಚಿಮ ಕರಾವಳಿಯಲ್ಲಿ ಅಲೆ ಎಬ್ಬಿಸುವುದು. ಮಳೆ ಬಿಟ್ಟ ಮೇಲೆ ನಾವು ಕಣ ಸಿದ್ಧ ಮಾಡುವ ಹೊತ್ತು ಬಂದರಿನವರಿಗೂ ಅನುಕೂಲದ ಕಾಲ.

ಇನ್ನು ನೆಲ. 1,200 ಟನ್ ತೂಕದ, 32 ಚಕ್ರದ ಕ್ರೇನ್ ಅಂತ ಇಟ್ಟುಕೊಳ್ಳಿ. ಸುಮ್ನೆ ನಿಂತಾಗಲೇ ಒಂದು ಚಕ್ರಕ್ಕೆ ಸರಾಸರಿ 37 ಟನ್‌ಗಿಂತ ಹೆಚ್ಚು ಭಾರ ಬೀಳುತ್ತದೆ. 60 ಕೆಜಿಯ 320 ಚೀಲ ಕಾಫಿ ತುಂಬಿದ 20 ಅಡಿ ಕಂಟೇನರ್‌ನಲ್ಲಿ ಸರಕಿನ ತೂಕ 19 ಟನ್ ಚಿಲ್ಲರೆ. ಅಂದರೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಭಾರ, ಒಂದೇ ಚಕ್ರದ ಮೇಲೆ. ಸಮುದ್ರದ ಕಡೆ ತೋಳು ಚಾಚಿ ಸರಕು ಎತ್ತಿದಾಗ ಮುಂದಿನ ಕಾಲುಗಳಿಗೆ ಇನ್ನೂ ಜಾಸ್ತಿ. ಅದಕ್ಕೇ ಕ್ರೇನ್ ಬರುವ ಎಷ್ಟೋ ಮೊದಲೇ ನೆಲದಾಳಕ್ಕೆ ಕಾಂಕ್ರೀಟ್ ಕಂಬ ಇಳಿಸಿ, ಮೇಲೆ ತೊಲೆ ಕಟ್ಟಿ, ಹಳಿ ಹಾಸಿರುತ್ತಾರೆ.

ಕೂರಿಸಿದ ತಕ್ಷಣ ಕೆಲಸ ಶುರು ಮಾಡುವಂತಿಲ್ಲ. ಭಾರದ ಪರೀಕ್ಷೆ ಆಗಬೇಕು. 40 ಟನ್ ಎತ್ತುವ ಕ್ರೇನ್ ಆದರೆ ನಮ್ಮ ದೇಶದ ನಿಯಮದಂತೆ 45 ಟನ್ ಎತ್ತಿ ತೋರಿಸಬೇಕು. ಇದನ್ನು ಬರೀ ಕಾಗದದ ಶಾಸ್ತ್ರ ಅಂದುಕೊಳ್ಳಬೇಡಿ. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಇಂಥ ಪರೀಕ್ಷೆಯ ಹೊತ್ತಿಗೇ ಕ್ರೇನ್ ಕುಸಿದು 11 ಜನ ತೀರಿಕೊಂಡರು. ಪರೀಕ್ಷೆ ಮುಗಿಯುವ ತನಕ ಕೆಲಸವಿಲ್ಲದ ಒಬ್ಬರೂ ಅದರ ಹತ್ತಿರ ಇರಬಾರದು.